ಹಿಮಕ್ಕೆ ಹೆದರದ ಗಿಡ, ಕಕ್ಕಡದ ಮಳೆಯಲ್ಲಿ

ಕೇಳುಗರಿಗೆ ನಮಸ್ಕಾರ.

ಕೊಡಗಿನಲ್ಲಿ ಜೆರೇನಿಯಂ ಎಂದ ಕೂಡಲೇ ನೆನಪಾಗುವುದು ಜಗಲಿಯ ಕುಂಡದಲ್ಲಿ ಕೆಂಪು ಗೊಂಚಲು ಬಿಡುವ, ಎಲೆ ಉಜ್ಜಿದರೆ ಘಾಟು ಹೊಡೆಯುವ ಗಿಡ. ಅದು ಪೆಲಾರ್ಗೋನಿಯಂ, ತವರು ದಕ್ಷಿಣ ಆಫ್ರಿಕಾ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನೂ ನಿಜವಾದ ಜೆರೇನಿಯಂ ಅನ್ನೂ ಒಂದೇ ಕುಲಕ್ಕೆ ಸೇರಿಸಿದ್ದರು. 1789ರಲ್ಲಿ ಅವು ಬೇರೆಯಾದರೂ ನರ್ಸರಿಗಳಲ್ಲಿ ಹಳೆಯ ಹೆಸರೇ ನಿಂತಿತು. ಇಂದು ನಾನು ಮಾತನಾಡುವುದು ಅದರ ದಾಯಾದಿಯ ಬಗ್ಗೆ: ಹಿಮ ಬಿದ್ದು ಎಲೆ ಉದುರಿದರೂ ಮರುವರ್ಷ ಬುಡದಿಂದ ಚಿಗುರುವ ನಿಜವಾದ ಜೆರೇನಿಯಂ.

ಹೂವನ್ನು ಎದುರಿನಿಂದ ನೋಡಿ. ಐದು ದಳಗಳೂ ಒಂದೇ ಅಳತೆಯಲ್ಲಿದ್ದರೆ ಜೆರೇನಿಯಂ, ಮೇಲಿನ ಎರಡು ದಳ ಬೇರೆ ಬಗೆಯಾಗಿದ್ದರೆ ಪೆಲಾರ್ಗೋನಿಯಂ. ಕಾಯಿಯ ಆಟ ಇನ್ನೂ ಚೆಂದ. ಕೊಕ್ಕಿನ ಹಾಗೆ ನೀಳವಾಗಿ ನಿಂತಿದ್ದು, ಒಣಗುತ್ತಲೇ ಐದು ಪಟ್ಟಿಗಳು ಬುಡದಿಂದ ಬಿಡಿಸಿಕೊಂಡು ಮೇಲಕ್ಕೆ ಚಿಮ್ಮಿ ಬೀಜವನ್ನು ದೂರ ಎಸೆಯುತ್ತವೆ. ಬೀಜ ಬೇಕಾದವರು ಕಾಯಿ ಕಂದುಬಣ್ಣಕ್ಕೆ ತಿರುಗುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಬೇಕು.

ಚಳಿ ತಡೆಯುವ ಗಿಡ ಎಂಬ ಹೊಗಳಿಕೆಗೆ ನಮ್ಮಲ್ಲಿ ಅರ್ಥವಿಲ್ಲ. ಮಡಿಕೇರಿಯ ಡಿಸೆಂಬರ್ ಇದಕ್ಕೆ ಚಳಿಯೇ ಅಲ್ಲ. ಇದನ್ನು ಕೊಲ್ಲುವುದು ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ತಿಂಗಳ, ಮಳೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಎಲೆ ಬಾಡಿದ್ದು ಕಾಣುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆದ್ದರಿಂದ ಸಮತಟ್ಟಾದ ಅಂಗಳ ಬೇಡ, ಇಳಿಜಾರೇ ಬೇಕು. ಇಳಿಜಾರು ಇಲ್ಲದಿದ್ದರೆ ಒಂದಡಿ ಎತ್ತರದ ಮಡಿ ಕಟ್ಟಿ, ಮಣ್ಣಿಗೆ ಮರಳು ಮತ್ತು ಸಣ್ಣ ಜಲ್ಲಿ ಧಾರಾಳವಾಗಿ ಬೆರೆಸಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದಿಷ್ಟು ಸಾಕು. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗಿ ಹೂವು ಹಿಂದೆ ಬೀಳುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹಾಕುವುದು ಒಳ್ಳೆಯದೇ, ಆದರೆ ಮಳೆಗೆ ಮುಂಚೆ ಅದನ್ನು ಸರಿಸಿಬಿಡಿ. ಆಫ್ರಿಕನ್ ಬಸವನಹುಳು ಇರುವ ಕಡೆ ರಾತ್ರಿ ಟಾರ್ಚು ಹಿಡಿದು ಹೆಕ್ಕುವುದು ತಪ್ಪದು.

ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ನಂತರ, ಮಳೆ ಹಿಂಜರಿದ ಮೇಲೆ ನೆಟ್ಟರೆ ಮುಂದಿನ ಮುಂಗಾರಿಗೆ ಮೊದಲು ಬೇರು ಹಿಡಿಯಲು ಸಾಕಷ್ಟು ಸಮಯ ಸಿಗುತ್ತದೆ. ಸಿಲ್ವರ್ ಓಕ್ ಮರದ ಎಲೆಗಳ ನಡುವೆ ಸೋಸಿ ಬೀಳುವ ಬಿಸಿಲು ಹೊಂದುತ್ತದೆ. ಮೊದಲ ಸುತ್ತಿನ ಹೂವು ಮುಗಿದೊಡನೆ ಎಲೆಗಳನ್ನೆಲ್ಲ ಬುಡದ ಹತ್ತಿರ ಕತ್ತರಿಸಿ. ಧೈರ್ಯ ಬೇಕು, ಆದರೆ ಹೊಸ ಚಿಗುರು ಬಂದೇ ಬರುತ್ತದೆ.

ಯಾವ ಜಾತಿ? ಆಲ್ಪೈನ್ ಬಂಡೆಗಳ ನಡುವೆ ಬೆಳೆಯುವ ಕುಳ್ಳ ಜಾತಿಗಳ ಆಸೆ ಬಿಡಿ. ಹಿಮಾಲಯದ ಜೆರೇನಿಯಂ ವಾಲಿಚಿಯಾನಂ ಮುಂಗಾರನ್ನು ಕಂಡ ಗಿಡ, ನನ್ನ ಒಲವು ಅದರ ಕಡೆಗೆ. ಅದಕ್ಕೂ ಹಿಮಾಲಯೆನ್ಸೆ ಎಂಬ ಇನ್ನೊಂದು ಜಾತಿಗೂ ಹುಟ್ಟಿದ ಮಿಶ್ರತಳಿಯೇ ಇಂಗ್ಲೆಂಡಿನ ಹೆಸರಾಂತ ರೋಜಾನ್. ನೇರಳೆ ನೀಲಿ ಹೂವು, ನಡುವೆ ಬಿಳಿ. ಅದು ಬೀಜ ಕಟ್ಟುವುದಿಲ್ಲ, ಬುಡ ಬಿಡಿಸಿ ಅಥವಾ ಕಡ್ಡಿ ನೆಟ್ಟೇ ಹೆಚ್ಚಿಸಬೇಕು. ಹಾಗಾಗಿ ಮೊಬೈಲಿನಲ್ಲಿ ರೋಜಾನ್ ಬೀಜ ಎಂದು ಯಾರಾದರೂ ಪೊಟ್ಟಣ ಮಾರಿದರೆ ದುಡ್ಡು ಕೊಡಬೇಡಿ.