ಅವನು "ಏನಿಲ್ಲ" ಅಂದಾಗ

ನಮಸ್ಕಾರ. ಇವತ್ತಿನ ನನ್ನ ಮಾತು ಹೆಣ್ಣುಮಕ್ಕಳಿಗೆ. ಗಂಡಸೊಬ್ಬ ಪ್ರೀತಿಯ ಬಗ್ಗೆ ಹೆಂಗಸರಿಗೆ ಬುದ್ಧಿ ಹೇಳಲು ಕೂತರೆ ನಗು ಬರುತ್ತದೆ, ಅಲ್ವಾ? ನಗಿ, ಪರವಾಗಿಲ್ಲ. ಆದರೆ ಒಂದು ವಿಷಯದಲ್ಲಿ ನನಗೆ ನಿಮಗಿಂತ ಅನುಭವ ಜಾಸ್ತಿ. ಅದು ಬಾಯಿ ಮುಚ್ಚಿಕೊಂಡು ಕೂರುವುದು.

"ಏನಾಯ್ತು?" ಅಂತ ನೀವು ಕೇಳುತ್ತೀರಿ. "ಏನಿಲ್ಲ" ಅನ್ನುತ್ತಾನೆ. ಮುಖ ನೋಡಿದರೆ ಏನೋ ಇದೆ. ಮತ್ತೆ ಕೇಳುತ್ತೀರಿ. ಅವನು ಚಿಪ್ಪಿನೊಳಗೆ ಇನ್ನಷ್ಟು ಸರಿಯುತ್ತಾನೆ. ನಿಮ್ಮ ದನಿ ಏರುತ್ತದೆ, ಅವನು ಫೋನ್ ಎತ್ತಿಕೊಂಡು ಎದ್ದು ಹೋಗುತ್ತಾನೆ. ಜಗಳ ಶುರುವಾದದ್ದು ಯಾಕೆ ಅನ್ನುವುದು ಅಷ್ಟೊತ್ತಿಗೆ ಇಬ್ಬರಿಗೂ ಮರೆತಿರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಗಂಡ ಹೆಂಡಿರನ್ನು ಎದುರುಬದುರು ಕೂರಿಸಿ, ಅವರ ನಡುವಿನ ತಕರಾರನ್ನೇ ಮಾತಾಡಲು ಹೇಳಿ, ಎದೆಬಡಿತ ಅಳೆಯುತ್ತಿದ್ದರು. ಹೀಗೆ ಗೋಡೆಯಾಗಿಬಿಡುವವರಲ್ಲಿ ನೂರಕ್ಕೆ ಸುಮಾರು 85 ಮಂದಿ ಗಂಡಸರೇ ಅನ್ನುವುದು ಅವರ ಲೆಕ್ಕ. ಹೊರಗಿನಿಂದ ನೋಡಿದರೆ ಕಲ್ಲು. ಒಳಗೆ ಎದೆಬಡಿತ ನಿಮಿಷಕ್ಕೆ 100 ದಾಟಿರಬಹುದು. ಆಗ ನೀವು ಹೇಳಿದ್ದು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ. ಮೈ ತಣ್ಣಗಾಗಲು ಕಡಿಮೆ ಅಂದರೂ 20 ನಿಮಿಷ ಬೇಕು ಅನ್ನುತ್ತಾರೆ ಅವರು.

ಇದನ್ನು ಮೊದಲು ಓದಿದಾಗ ನನಗೆ ಖುಷಿಯೋ ಖುಷಿ. ಒಳ್ಳೆ ನೆಪ ಸಿಕ್ಕಿತಲ್ಲ! ಹೆಂಡತಿಗೂ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "20 ನಿಮಿಷ ಸರಿ, ನೀನು ತಗೊಳ್ಳೋದು ಮೂರು ದಿನ" ಅಂದಳು.

ವಿಷಯ ಇರುವುದು ಅಲ್ಲೇ. ನಮ್ಮ ಮೌನದಲ್ಲಿ ಎರಡು ಜಾತಿ. ಒಂದು, ನಿಜಕ್ಕೂ ಉಸಿರು ಕಟ್ಟಿ ಬರುವ ಮೌನ. ಇನ್ನೊಂದು, ನೀವೇ ಸೋತು ಬಂದು ಮಾತಾಡಿಸಲಿ ಅಂತ ಹೂಡುವ ಮೌನ. ಶುರುವಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನನ್ನ ಮಟ್ಟಿಗೂ ಎಷ್ಟೋ ಸಲ ಮೊದಲನೆಯದಾಗಿ ಶುರುವಾದದ್ದು ಎರಡನೆಯದಾಗಿ ಮುಗಿದಿದೆ. ಹಾಗಾಗಿ ಅವನ ಮುಖ ನೋಡಿ ಲೆಕ್ಕ ಹಾಕಬೇಡಿ. ಅವನು ತಾನಾಗಿಯೇ ವಾಪಸ್ ಬರುತ್ತಾನಾ, ಬಂದು ಬಿಟ್ಟ ಮಾತನ್ನೇ ಎತ್ತುತ್ತಾನಾ, ಅದನ್ನು ನೋಡಿ. ಬಂದು ತಮಾಷೆ ಮಾಡಿದರೆ, ಕಾಫಿ ಕೊಟ್ಟರೆ ಅದು ವಾಪಸ್ ಬಂದದ್ದಲ್ಲ. ನಾವು ಗಂಡಸರು ಅದನ್ನೇ ರಾಜಿ ಅಂದುಕೊಂಡು ಆರಾಮಾಗಿ ನಿದ್ದೆ ಮಾಡುತ್ತೇವೆ.

ಹೊಸದಾಗಿ ಡೇಟಿಂಗ್ ಮಾಡುತ್ತಿರುವವರ ಕಥೆ ಬೇರೆ. ಅವನ ಒಂದು ಸಾಲಿನ ಮೆಸೇಜ್ ಹಿಡಿದು ಗೆಳತಿಯರೆಲ್ಲ ಸೇರಿ ಅರ್ಥ ಬಿಡಿಸುತ್ತೀರಿ. ನಿಜ ಹೇಳಲಾ? ನಾವು "ಹ್ಞೂಂ" ಅಂತ ಬರೆದರೆ ಅದರೊಳಗೆ ಏನೂ ಇರುವುದಿಲ್ಲ. ವಾರಗಟ್ಟಲೆ ಕಾಣೆಯಾಗಿ, ಆಮೇಲೆ ನಡುರಾತ್ರಿ "ಹಾಯ್" ಅನ್ನುವವನಲ್ಲೂ ಅಷ್ಟೇ, ಗಾಯಗೊಂಡ ಮನಸ್ಸು ಹುಡುಕಬೇಡಿ. ಬೇಕಾದವರಿಗೆ ನಾವು ಹೇಗಾದರೂ ಟೈಮ್ ಮಾಡಿಕೊಳ್ಳುತ್ತೇವೆ. ಈ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಗೆಳೆಯರು ನನ್ನನ್ನು ಬೈಯಬಹುದು.

ಇನ್ನೊಂದು ಮಾತು. ಬಾಯಿ ತೆರೆಯಲು ನಿಮಗೇ ಭಯವಾಗುತ್ತಿದ್ದರೆ, ನಾನು ಇಲ್ಲಿ ಹೇಳಿದ ಯಾವುದೂ ಅಲ್ಲಿಗೆ ಹೊಂದುವುದಿಲ್ಲ. ಅಲ್ಲಿ ತಾಳ್ಮೆ ಕೆಲಸಕ್ಕೆ ಬರುವುದಿಲ್ಲ, ನಂಬುವವರೊಬ್ಬರ ಹತ್ತಿರ ಹೇಳಿಕೊಳ್ಳಿ.

ನಮ್ಮ ಮನೆಯಲ್ಲಿ ನಾನು ಈಗಲೂ ಎದ್ದು ಹೋಗುತ್ತೇನೆ. ಆದರೆ ಬಾಗಿಲಲ್ಲಿ ನಿಂತು "ಅರ್ಧ ಗಂಟೆ ಕೊಡು, ಬರ್ತೀನಿ" ಅಂತ ಹೇಳಿ ಹೋಗುತ್ತೇನೆ. ಅವಳು ಗಡಿಯಾರ ನೋಡುತ್ತಾಳೆ. ಮೊನ್ನೆ ಬರುವುದು 40 ನಿಮಿಷ ಆಯಿತು. ಆ ಹತ್ತು ನಿಮಿಷದ ಮೇಲೆ ಬೇರೆ ಜಗಳ ನಡೆಯಿತು.

ನಮಸ್ಕಾರ.