ಆರು ಮಂದಿಗೆ ಒಂದೇ ಪಾಸ್‌ವರ್ಡ್

ಕೇಳುಗರಿಗೆ ನಮಸ್ಕಾರ.

ಬಹಳ ವರ್ಷಗಳ ಹಿಂದೆ ನಾನು ಒಂದು ಸಗಟು ವ್ಯಾಪಾರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ಕಂಪ್ಯೂಟರ್ ಒಂದು, ಲೆಕ್ಕದ ತಂತ್ರಾಂಶ ಒಂದು, ಪಾಸ್‌ವರ್ಡ್ ಕೂಡ ಒಂದೇ. ಅದನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದರು. ಒಂದು ಮಾರ್ಚ್ ಕೊನೆಯಲ್ಲಿ ಲೆಕ್ಕ ತಾಳೆ ನೋಡುವಾಗ ಮೂರು ನಗದು ರಸೀದಿಗಳು ಕಾಣೆಯಾಗಿದ್ದವು. ಅಳಿಸಿದವರು ಯಾರೆಂದು ಹುಡುಕಿದರೆ ತಂತ್ರಾಂಶ ತೋರಿಸಿದ್ದು ‘ಅಡ್ಮಿನ್’ ಎಂಬ ಹೆಸರನ್ನು. ನಾವು ಆರು ಮಂದಿಯೂ ಅಡ್ಮಿನ್‌ಗಳೇ! ಅನುಮಾನ ಬಿದ್ದದ್ದು ಕೆಲಸಕ್ಕೆ ಸೇರಿ ಮೂರೇ ತಿಂಗಳಾಗಿದ್ದ ಹುಡುಗಿಯ ಮೇಲೆ. ತಾನು ಅಳಿಸಿಲ್ಲ ಎಂದು ತೋರಿಸಲು ಅವಳ ಬಳಿ ಏನೂ ಇರಲಿಲ್ಲ. ಅಳುತ್ತಲೇ ಕೆಲಸ ಬಿಟ್ಟು ಹೋದಳು.

“ನಮ್ಮ ಹುಡುಗರ ಮೇಲೆ ನಮಗೆ ನಂಬಿಕೆಯಿದೆ, ಬೇರೆ ಬೇರೆ ಲಾಗಿನ್ ಏಕೆ?” ಎಂದು ಕೇಳುವ ಮಾಲೀಕರಿಗೆ ನಾನು ಈ ಹುಡುಗಿಯ ಕಥೆ ಹೇಳುತ್ತೇನೆ. ಅವಳ ಹೆಸರಿನದೇ ಲಾಗಿನ್ ಇದ್ದಿದ್ದರೆ, ರಸೀದಿ ಅಳಿಸುವ ಅನುಮತಿಯೇ ಅವಳಿಗೆ ಇಲ್ಲದಿದ್ದಿದ್ದರೆ, ಅವಳತ್ತ ಯಾರೂ ಬೆರಳು ತೋರಿಸುತ್ತಿರಲಿಲ್ಲ.

ಬ್ಯಾಂಕಿನ ಭದ್ರಕೋಣೆಗೆ ಎರಡು ಬೀಗದ ಕೈಗಳಿರುತ್ತವೆ. ಎರಡೂ ಒಬ್ಬರ ಬಳಿ ಇರುವುದಿಲ್ಲ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ತಂತ್ರಾಂಶದಲ್ಲಿ ಇದಕ್ಕೆ ‘ಮೇಕರ್-ಚೆಕರ್’ ಎನ್ನುತ್ತಾರೆ. ಪಾವತಿಯನ್ನು ನಮೂದಿಸುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು.

ಈ ಎರಡೂ ಕೆಲಸ ಒಬ್ಬನ ಕೈಗೆ ಸಿಕ್ಕಿದ ಕಥೆ ಬೇರಿಂಗ್ಸ್ ಬ್ಯಾಂಕಿನದು. 1762ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ಯಾಂಕ್ ಅದು. ಅದರ ಸಿಂಗಪುರದ ಕಚೇರಿಯಲ್ಲಿ ನಿಕ್ ಲೀಸನ್ ಎಂಬ ಯುವಕ ಷೇರುಪೇಟೆಯ ವಹಿವಾಟನ್ನೂ ನಡೆಸುತ್ತಿದ್ದ, ಆ ವಹಿವಾಟಿನ ಲೆಕ್ಕ ಚುಕ್ತಾ ಮಾಡುವ ವಿಭಾಗವನ್ನೂ ನೋಡಿಕೊಳ್ಳುತ್ತಿದ್ದ. ನಷ್ಟವಾದಾಗಲೆಲ್ಲ 88888 ಎಂಬ ಖಾತೆಯಲ್ಲಿ ಬಚ್ಚಿಟ್ಟ. 1995ರ ಫೆಬ್ರುವರಿಯಲ್ಲಿ ಅದು ಬಯಲಾಗುವ ಹೊತ್ತಿಗೆ ನಷ್ಟ 80 ಕೋಟಿ ಪೌಂಡ್ ದಾಟಿತ್ತು. 233 ವರ್ಷಗಳ ಬ್ಯಾಂಕು ಒಂದೇ ಒಂದು ಪೌಂಡಿಗೆ ಮಾರಾಟವಾಯಿತು.

ಸಣ್ಣ ಕಚೇರಿಗಳಲ್ಲಿ ನಾನು ಹೆಚ್ಚಾಗಿ ಕಾಣುವ ತೊಂದರೆ ಇನ್ನೊಂದು. ಬಿಲ್ ಬರೆಯುತ್ತಿದ್ದವರನ್ನು ಖರೀದಿಗೆ ಹಾಕುತ್ತಾರೆ. ಹೊಸ ಅನುಮತಿ ಸಿಗುತ್ತದೆ, ಹಳೆಯದು ಹಾಗೆಯೇ ಉಳಿಯುತ್ತದೆ. ಹತ್ತು ವರ್ಷ ದುಡಿದವರ ಬಳಿ ಇಡೀ ಕಚೇರಿಯ ಬೀಗದ ಕೈಗಳಿರುತ್ತವೆ, ಅದು ಅವರಿಗೇ ಗೊತ್ತಿರುವುದಿಲ್ಲ. ಕೆಲಸ ಬಿಟ್ಟವರ ಲಾಗಿನ್ ತಿಂಗಳುಗಟ್ಟಲೆ ತೆರೆದಿರುತ್ತದೆ. ಅಂಗಡಿಯ ಕೀಲಿಕೈ ವಾಪಸು ಪಡೆದ ದಿನವೇ ಅದನ್ನೂ ಮುಚ್ಚಬೇಕು. ಆದರೆ ಹೆಸರನ್ನು ಅಳಿಸಬೇಡಿ, ನಿಷ್ಕ್ರಿಯಗೊಳಿಸಿ. ಹಳೆಯ ನಮೂದುಗಳ ಮುಂದೆ ಆ ಹೆಸರು ಉಳಿಯಬೇಕು.

2023ರ ಏಪ್ರಿಲ್ 1ರಿಂದ ನಮ್ಮ ದೇಶದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ದಾಖಲಿಸಲೇಬೇಕು, ಆ ದಾಖಲೆಯನ್ನು ನಿಲ್ಲಿಸಲು ಅವಕಾಶವಿರಬಾರದು ಎಂಬ ನಿಯಮ ಜಾರಿಯಲ್ಲಿದೆ. ಒಳ್ಳೆಯ ನಿಯಮ. ಆದರೆ ಎಲ್ಲ ತಿದ್ದುಪಡಿಗಳ ಮುಂದೆಯೂ ‘ಅಡ್ಮಿನ್’ ಎಂದೇ ಇದ್ದರೆ ಆ ದಾಖಲೆಯಿಂದ ಯಾರಿಗೇನು ಪ್ರಯೋಜನ?

ನಾಳೆ ಕಚೇರಿ ತೆರೆದ ಕೂಡಲೇ ಪರದೆಯ ಅಂಚಿನ ಚೀಟಿಯನ್ನು ಕಿತ್ತುಹಾಕಿ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ಅವರವರ ಹೆಸರಿನಲ್ಲೇ ಲಾಗಿನ್ ಮಾಡಿಕೊಡಿ. ಹೊಸದಾಗಿ ಸೇರಿದವರಿಂದ ಆರಂಭಿಸಿ.

ನಮಸ್ಕಾರ.