ಮೊದಲ ಪ್ಯಾಕೆಟ್‌ಗೆ ಮಾತ್ರ ಯೋಚನೆ

ಕೇಳುಗರಿಗೆ ನಮಸ್ಕಾರ.

ಒಂದೇ ಸರ್ವರ್‌ನಲ್ಲಿ ಹತ್ತಾರು ವರ್ಚುವಲ್ ಮಷೀನ್‌ಗಳು, ಅಂದರೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್‌ಗಳು, ಓಡುತ್ತಿರುತ್ತವೆ. ಎಲ್ಲಕ್ಕೂ ನೆಟ್‌ವರ್ಕ್ ಬೇಕು, ಕೇಬಲ್ ಇರುವುದು ಒಂದೋ ಎರಡೋ. ಹಾಗಾಗಿ ಬಂದ ಡೇಟಾವನ್ನು ಆಯಾ ಮಷೀನ್‌ಗೆ ಹಂಚಲು ಒಳಗೇ ಒಂದು ಸ್ವಿಚ್ ಇರುತ್ತದೆ. ಅದು ಬರೀ ಸಾಫ್ಟ್‌ವೇರ್. ಅದನ್ನು ಓಡಿಸುವುದೂ ಅದೇ ಸರ್ವರ್‌ನ ಪ್ರೊಸೆಸರ್.

ಪ್ಯಾಕೆಟ್, ಅಂದರೆ ಡೇಟಾದ ಒಂದು ತುಂಡು, ಬಂದಾಗ ಈ ಸ್ವಿಚ್ ವಿಳಾಸ ಓದಬೇಕು, ಒಳಗೆ ಬಿಡಬಹುದಾ ಎಂದು ನಿಯಮ ನೋಡಬೇಕು, ವರ್ಚುವಲ್ ನೆಟ್‌ವರ್ಕ್‌ಗಾಗಿ ಪ್ಯಾಕೆಟ್‌ಗೆ ಸುತ್ತಿದ ವಿಎಕ್ಸ್‌ಲ್ಯಾನ್ ಹೊದಿಕೆ ಬಿಚ್ಚಬೇಕು, ಕೊನೆಗೆ ಮಷೀನ್‌ಗೆ ತಲುಪಿಸಬೇಕು. ಇಷ್ಟಕ್ಕೆ ಸಮಯ ಎಷ್ಟಿದೆ ಗೊತ್ತಾ? 10 ಗಿಗಾಬಿಟ್ ಲೈನ್‌ನಲ್ಲಿ 64 ಬೈಟ್‌ನ ಪುಟ್ಟ ಪ್ಯಾಕೆಟ್‌ಗಳು ಸೆಕೆಂಡಿಗೆ 1 ಕೋಟಿ 48 ಲಕ್ಷದವರೆಗೆ ಬರಬಹುದು. ಒಂದಕ್ಕೆ ಸಿಗುವುದು 67 ನ್ಯಾನೋಸೆಕೆಂಡ್. ಪ್ರೊಸೆಸರ್‌ನ ಒಂದು 3 ಗಿಗಾಹರ್ಟ್ಸ್ ಕೋರ್‌ಗೆ ಅದು ಸುಮಾರು 200 ಕ್ಲಾಕ್ ಸೈಕಲ್, ಅಂದರೆ 200 ಮಿಡಿತ. ಲೈನ್ 100 ಗಿಗಾಬಿಟ್ ಆದರೆ ಬರೀ 20. ಮುಖ್ಯ ಮೆಮೊರಿಯಿಂದ ಒಂದು ಸಲ ಡೇಟಾ ತರಲೂ ಅದು ಸಾಲದು. ಜಾಸ್ತಿ ಕೋರ್ ಕೊಡಬಹುದು, ನಿಜ. ಆದರೆ ಅವು ಮಷೀನ್‌ಗಳ ಕೆಲಸಕ್ಕೆ ಇಟ್ಟಿದ್ದ ಕೋರ್‌ಗಳಲ್ವಾ?

ಈ ಹೊರೆ ತಪ್ಪಿಸಲು ಎಸ್‌ಆರ್-ಐಒವಿ ಎಂಬ ತಂತ್ರ ಒಂದು ದಾರಿ. ಒಂದೇ ನೆಟ್‌ವರ್ಕ್ ಕಾರ್ಡ್ ಹಲವು ಕಾರ್ಡ್‌ಗಳಂತೆ ಕಾಣಿಸಿಕೊಂಡು ಮಷೀನ್‌ಗೆ ನೇರ ದಾರಿ ಕೊಡುತ್ತದೆ. ವೇಗ ಚೆನ್ನಾಗಿದೆ, ಆದರೆ ಸ್ವಿಚ್‌ನ ನಿಯಮಗಳೂ ಪಕ್ಕಕ್ಕೆ ಸರಿಯುತ್ತವೆ. ಓಡುತ್ತಿರುವ ಮಷೀನನ್ನು ಇನ್ನೊಂದು ಸರ್ವರ್‌ಗೆ ಸಾಗಿಸುವುದೂ ಕಷ್ಟ.

ನನಗೆ ತುಂಬಾ ಹಿಡಿಸಿದ್ದು ಸ್ಮಾರ್ಟ್‌ನಿಕ್‌ನ, ಅಂದರೆ ಸ್ವಿಚ್‌ನ ಕೆಲಸವನ್ನು ತಾನೇ ಮಾಡಬಲ್ಲ ನೆಟ್‌ವರ್ಕ್ ಕಾರ್ಡ್‌ನ, ಉಪಾಯ. ಹೊಸ ಸಂಪರ್ಕದ ಮೊದಲ ಪ್ಯಾಕೆಟ್ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಅಲ್ಲಿ ಎಲ್ಲ ನಿಯಮ ನೋಡಿ ತೀರ್ಮಾನವಾಗುತ್ತದೆ. ಆ ತೀರ್ಮಾನವನ್ನು ಕಾರ್ಡ್‌ನ ಪಟ್ಟಿಗೆ ಬರೆಯುತ್ತಾರೆ. ಹಿಂದೆ ಬರುವ ಲಕ್ಷ ಪ್ಯಾಕೆಟ್‌ಗಳನ್ನು ಕಾರ್ಡೇ ನಿಭಾಯಿಸುತ್ತದೆ, ಪ್ರೊಸೆಸರ್‌ಗೆ ಸುದ್ದಿಯೇ ಇರುವುದಿಲ್ಲ. ಮೈಕ್ರೋಸಾಫ್ಟ್ 2015ರ ಕೊನೆಯಿಂದ ತನ್ನ ಕ್ಲೌಡ್ ಸೇವೆಯಾದ ಅಜೂರ್‌ನ ಹೊಸ ಸರ್ವರ್‌ಗಳಲ್ಲಿ ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಿಸಬಹುದಾದ ಚಿಪ್, ಇರುವ ಇಂಥ ಕಾರ್ಡ್ ಹಾಕಿತು. ಮಷೀನ್‌ನಿಂದ ಮಷೀನ್‌ಗೆ 15 ಮೈಕ್ರೋಸೆಕೆಂಡ್‌ಗಿಂತ ಕಡಿಮೆ ವಿಳಂಬ ಎಂದು 2018ರಲ್ಲಿ ವರದಿ ಮಾಡಿತು.

ಎಲ್ಲ ಕಡೆ ಇಷ್ಟು ಲಾಭ ಸಿಗುವುದಿಲ್ಲ. ನಾಲ್ಕೈದು ಪ್ಯಾಕೆಟ್‌ಗೇ ಮುಗಿಯುವ ಸಂಪರ್ಕಗಳೇ ಜಾಸ್ತಿ ಇದ್ದರೆ, ಪಟ್ಟಿಗೆ ಬರೆದು ಅಳಿಸುವುದರಲ್ಲೇ ಸಮಯ ಹೋಗುತ್ತದೆ. ಕಾರ್ಡ್‌ಗೆ ಅರ್ಥವಾಗದ ನಿಯಮವಿದ್ದರೆ ಪ್ಯಾಕೆಟ್‌ಗಳು ಸದ್ದಿಲ್ಲದೆ ಸಾಫ್ಟ್‌ವೇರ್ ದಾರಿಯಲ್ಲೇ ಉಳಿಯುತ್ತವೆ. ಆಫ್‌ಲೋಡ್, ಅಂದರೆ ಕೆಲಸವನ್ನು ಕಾರ್ಡ್‌ಗೆ ಇಳಿಸುವ ಸೌಲಭ್ಯ, ಆನ್ ಮಾಡಿದೆವು, ಆಯಿತು ಎಂದು ಸುಮ್ನೆ ಕೂರಬೇಡಿ.

ಹೋಸ್ಟ್‌ನಲ್ಲಿ, ಅಂದರೆ ಮಷೀನ್‌ಗಳು ಓಡುವ ಆ ಸರ್ವರ್‌ನಲ್ಲಿ, ಒಂದು ಮಷೀನ್‌ನ ಪೋರ್ಟ್ ಮೇಲೆ ಪ್ಯಾಕೆಟ್‌ಗಳನ್ನು ಸಾಲುಸಾಲಾಗಿ ತೋರಿಸುವ ಟಿಸಿಪಿಡಂಪ್ ಹಾಕಿ, ಆ ಮಷೀನ್‌ನಿಂದ ಒಂದು ದೊಡ್ಡ ಫೈಲ್ ಕಳಿಸಿ ನೋಡಿ. ಆರಂಭದಲ್ಲಿ ಕೆಲವು ಸಾಲು ಮೂಡಿ ಪರದೆ ನಿಂತುಬಿಟ್ಟರೆ, ಫೈಲ್ ಮಾತ್ರ ಹೋಗುತ್ತಲೇ ಇದ್ದರೆ, ಕೆಲಸ ಕಾರ್ಡ್‌ಗೆ ಇಳಿದಿದೆ. ಸಾಲುಗಳು ಸುರಿಯುತ್ತಲೇ ಇದ್ದರೆ ಇನ್ನೂ ಪ್ರೊಸೆಸರೇ ಹೊರುತ್ತಿದೆ.